ಪಾಸ್‌ವರ್ಡ್ ಹಂಚಿಕೆಯಿಂದ ಓಪನ್ ಫೈನಾನ್ಸ್‌ವರೆಗೆ

ಬ್ಯಾಂಕುಗಳೂ, ತಂತ್ರಜ್ಞಾನದ ಮೂಲಕ ಹಣಕಾಸು ಸೇವೆ ಕೊಡುವ ಫಿನ್‌ಟೆಕ್ ಕಂಪನಿಗಳೂ ಈಗ ಒಟ್ಟಿಗೆ ಕೆಲಸ ಮಾಡುತ್ತಿವೆ. ಆದರೆ ಬ್ಯಾಂಕುಗಳು ಇದಕ್ಕೆ ಖುಷಿಯಿಂದ ಒಪ್ಪಿದ್ದಲ್ಲ.

2007ರಲ್ಲಿ ಅಮೆರಿಕದಲ್ಲಿ ಮಿಂಟ್ ಎಂಬ ಸೇವೆ ಶುರುವಾಯಿತು. ಬೇರೆ ಬೇರೆ ಖಾತೆಗಳ ಲೆಕ್ಕವನ್ನು ಅದು ಒಂದೇ ಕಡೆ ತೋರಿಸುತ್ತಿತ್ತು. ಅದಕ್ಕಾಗಿ ಗ್ರಾಹಕರು ತಮ್ಮ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೊಡಬೇಕಿತ್ತು! ಸಾಫ್ಟ್‌ವೇರ್ ಅವರ ಹೆಸರಲ್ಲೇ ಲಾಗಿನ್ ಆಗಿ, ಪರದೆಯಲ್ಲಿ ಕಂಡದ್ದನ್ನೆಲ್ಲ ಬಾಚಿಕೊಳ್ಳುತ್ತಿತ್ತು. ಇದೇ ಸ್ಕ್ರೀನ್ ಸ್ಕ್ರೇಪಿಂಗ್. ಬ್ಯಾಂಕಿನ ವೆಬ್ ಪುಟ ಸ್ವಲ್ಪ ಬದಲಾದರೂ ಕೆಲಸ ಕೆಡುತ್ತಿತ್ತು. ಬ್ಯಾಂಕುಗಳು ಸುರಕ್ಷತೆಯ ಮಾತೆತ್ತಿದವು. ಅದು ನಿಜವೇ. ಆದರೆ ಗ್ರಾಹಕರು ಕೈತಪ್ಪಿ ಹೋಗುವ ಭಯವೂ ಇತ್ತು, ಅಲ್ವಾ?

ಕೊನೆಗೆ ಕಾನೂನೇ ಬರಬೇಕಾಯಿತು. ಯುರೋಪಿಯನ್ ಒಕ್ಕೂಟ 2015ರಲ್ಲಿ ಪಾವತಿ ಸೇವೆಗಳ ಕುರಿತ ಪಿಎಸ್‌ಡಿ2 ನಿಯಮ ತಂದಿತು. ಗ್ರಾಹಕ ಒಪ್ಪಿದರೆ, ಪರವಾನಗಿ ಇರುವ ಕಂಪನಿಗೆ ಪಾವತಿ ಖಾತೆಯ ಮಾಹಿತಿಯನ್ನು ಬ್ಯಾಂಕು ಕೊಡಲೇಬೇಕು. 2018ರ ಜನವರಿಯಲ್ಲಿ ಇದು ಜಾರಿಯಾಯಿತು. ಗ್ರಾಹಕರ ಒಪ್ಪಿಗೆಯಿಂದ ಹೀಗೆ ಮಾಹಿತಿ ಹಂಚುವುದನ್ನೇ ಓಪನ್ ಬ್ಯಾಂಕಿಂಗ್ ಎನ್ನುತ್ತಾರೆ.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ದೊಡ್ಡ ಬ್ಯಾಂಕುಗಳು ಗ್ರಾಹಕರಿಗಾಗಿ ಅಷ್ಟೇನೂ ಪೈಪೋಟಿ ನಡೆಸುತ್ತಿಲ್ಲ ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2016ರಲ್ಲಿ ಹೇಳಿತು. ಒಂಬತ್ತು ಬ್ಯಾಂಕುಗಳು ಸೇರಿ ಒಂದೇ ಮಾದರಿಯ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿ ಪಡೆಯುವ ದಾರಿ) ರೂಪಿಸಬೇಕು, ಖರ್ಚನ್ನೂ ಅವೇ ಹೊರಬೇಕು ಎಂದು ಆದೇಶಿಸಿತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಒಂದೊಂದು ಬ್ಯಾಂಕಿನ ಎಪಿಐ ಒಂದೊಂದು ಥರ ಇದ್ದರೆ, ಸಣ್ಣ ಕಂಪನಿಯ ಎಂಜಿನಿಯರುಗಳಿಗೆ ಅದನ್ನು ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಭಾರತದ ದಾರಿಯೇ ಬೇರೆ. ರಿಸರ್ವ್ ಬ್ಯಾಂಕ್ 2016ರಲ್ಲಿ ಅಕೌಂಟ್ ಅಗ್ರಿಗೇಟರ್ ಎಂಬ ಮಧ್ಯವರ್ತಿ ಕಂಪನಿಗಳ ನಿಯಮ ತಂದಿತು. 2021ರಲ್ಲಿ ದೊಡ್ಡ ಬ್ಯಾಂಕುಗಳು ಈ ಜಾಲಕ್ಕೆ ಬಂದವು. ಅಗ್ರಿಗೇಟರ್ ಮಾಹಿತಿಯನ್ನು ತಲುಪಿಸುತ್ತದೆ ಅಷ್ಟೆ, ತೆರೆದು ನೋಡುವಂತಿಲ್ಲ. ಬ್ರೆಜಿಲ್ ಕೂಡ 2021ರಲ್ಲೇ ಶುರುಮಾಡಿ, ಆಮೇಲೆ ವಿಮೆ, ಹೂಡಿಕೆಗಳನ್ನೂ ಸೇರಿಸಿಕೊಂಡಿತು. ಓಪನ್ ಬ್ಯಾಂಕಿಂಗ್ ಅಲ್ಲಿ ಓಪನ್ ಫೈನಾನ್ಸ್ ಆಯಿತು.

ಅಮೆರಿಕದಲ್ಲಿ 2010ರ ಕಾಯ್ದೆಯಲ್ಲೇ ಗ್ರಾಹಕರಿಗೆ ತಮ್ಮ ಖಾತೆಯ ಮಾಹಿತಿ ಪಡೆಯುವ ಹಕ್ಕು ಇತ್ತು, ಆದರೆ ಅಂತಿಮ ನಿಯಮ ಬಂದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಬ್ಯಾಂಕುಗಳೂ ಕಂಪನಿಗಳೂ ತಾವೇ ಒಪ್ಪಂದ ಮಾಡಿಕೊಳ್ಳತೊಡಗಿದ್ದವು. 2017ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕು ಮತ್ತು ಆಗ ಮಿಂಟ್‌ನ ಒಡೆತನ ಹೊಂದಿದ್ದ ಇನ್‌ಟ್ಯೂಟ್ ಕಂಪನಿ ಪಾಸ್‌ವರ್ಡ್ ಬಿಟ್ಟು ಎಪಿಐ ಮೂಲಕ ಮಾಹಿತಿ ಹಂಚಿಕೊಳ್ಳಲು ಒಪ್ಪಿದವು. ಹೊಸ ನಿಯಮವಂತೂ ಬಂದ ದಿನವೇ ಕೋರ್ಟು ಮೆಟ್ಟಿಲೇರಿತು. 2025ರಲ್ಲಿ ಅದೇ ಜೆಪಿ ಮಾರ್ಗನ್ ಮಾಹಿತಿಗೆ ಶುಲ್ಕ ಕೇಳಿತು. ಬ್ಯಾಂಕ್ ಖಾತೆಗಳನ್ನು ಆ್ಯಪ್‌ಗಳಿಗೆ ಜೋಡಿಸುವ ಪ್ಲ್ಯಾಡ್ (Plaid) ಕಂಪನಿ ಆ ಸೆಪ್ಟೆಂಬರಿನಲ್ಲಿ ದುಡ್ಡು ಕೊಡಲು ಒಪ್ಪಿಕೊಂಡಿತು.