ಕೋಳಿ ಶೆಡ್ಡಿಗೆ ಕಾಯಿಲೆ ನಡೆದು ಬರುತ್ತದೆ

ಮಂಡ್ಯದ ಹತ್ತಿರ ಪರಿಚಯದವರೊಬ್ಬರ ಕೋಳಿ ಫಾರಂ ಇದೆ. ಶೆಡ್ಡಿನ ಬಾಗಿಲಲ್ಲಿ ಒಂದು ಸಣ್ಣ ಸಿಮೆಂಟ್ ತೊಟ್ಟಿ. ಒಳಗೆ ಹೋಗುವವರು ಕಾಲು ಅದ್ದಿ ಹೋಗಲಿ ಅಂತ ಕಟ್ಟಿಸಿದ್ದು. ಬಗ್ಗಿ ನೋಡಿದೆ. ನೀರು ಟೀ ಬಣ್ಣಕ್ಕೆ ತಿರುಗಿತ್ತು. ಮೇಲೆ ಭತ್ತದ ಹೊಟ್ಟು, ಎರಡು ಪುಕ್ಕ. ತಳದಲ್ಲಿ ಬೆರಳು ದಪ್ಪ ಕೆಸರು. "ಬ್ಲೀಚಿಂಗ್ ಪುಡಿ ಯಾವಾಗ ಹಾಕಿದ್ದು?" ಎಂದೆ. "ಸೋಮವಾರ" ಎಂದರು. ಅವತ್ತು ಶನಿವಾರ.

ಅಂಥ ತೊಟ್ಟಿಗೆ ಇಳಿದರೆ ಕಾಲು ಒದ್ದೆಯಾಗುತ್ತದೆ, ಅಷ್ಟೇ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ವೈರಸ್ಸನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹಿಕ್ಕೆ, ಹೊಟ್ಟು, ಮಣ್ಣು, ಎದುರಿಗೆ ಸಿಕ್ಕ ಕೊಳೆಯ ಮೇಲೆಲ್ಲ ಖರ್ಚಾಗಿಬಿಡುತ್ತದೆ. ಬಿಸಿಲು ಬಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಹಾಗಾಗಿ ಮೊದಲು ಬ್ರಷ್ ಹಾಕಿ ಚಪ್ಪಲಿ ತಿಕ್ಕಬೇಕು, ಆಮೇಲೆ ತೊಟ್ಟಿ. ನೀರು ದಿನಾ ಬದಲಾಗಬೇಕು, ಮೇಲೊಂದು ನೆರಳಿರಬೇಕು. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯದು ಬಾಗಿಲ ಒಳಗೆ ಮೊಣಕಾಲೆತ್ತರದ ಒಂದು ಕಟ್ಟೆ. ಊರೆಲ್ಲ ತಿರುಗಿದ ಚಪ್ಪಲಿ ಈಚೆ ಬಿಟ್ಟು, ಕಟ್ಟೆ ದಾಟಿ, ಶೆಡ್ಡಿಗೇ ಅಂತ ಇಟ್ಟ ಗಂಬೂಟು ಹಾಕಿಕೊಳ್ಳುವುದು. ಖರ್ಚು ಕಡಿಮೆ, ಮರೆಯುವುದೂ ಕಷ್ಟ.

ಹಕ್ಕಿಜ್ವರ ಅಂದ ತಕ್ಷಣ ನಾವೆಲ್ಲ ಆಕಾಶ ನೋಡುತ್ತೇವೆ, ಅಲ್ವಾ? ಮೈಸೂರಿನವರಿಗೆ ಅದರ ಭಯ ಗೊತ್ತು. 2017ರ ಜನವರಿಯಲ್ಲಿ ಹಕ್ಕಿಗಳು ಸತ್ತು, ಎಚ್5ಎನ್8 ವೈರಸ್ ಸಿಕ್ಕಿ, ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಿದ್ದರು. 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಂಡು, ಸುತ್ತಲಿನ ಸಾಕು ಕೋಳಿಗಳನ್ನು ಕೊಲ್ಲಬೇಕಾಯಿತು. ನೀರುಹಕ್ಕಿಗಳ ಕರುಳಿನಲ್ಲಿ ಈ ವೈರಸ್ ಇರಬಹುದು, ನಿಜ. ಆದರೆ ಚಳಿಗಾಲದಲ್ಲಿ ಮೈಸೂರಿನ ಹತ್ತಿರ ಹದಿನಾರು ಅನ್ನುವ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ಶೆಡ್ಡಿನ ಬಾಗಿಲು ತಟ್ಟುವುದಿಲ್ಲ. ಅದು ಗದ್ದೆಯಲ್ಲಿ ಹಿಕ್ಕೆ ಹಾಕಿ ಹಾರಿಹೋಗುತ್ತದೆ. ಆ ಕೆಸರು ತುಳಿದು ಶೆಡ್ಡಿಗೆ ಹೋಗುವವರು ನಾವು.

ಕೊಕ್ಕರೆ ರೋಗವೂ ಹೀಗೆಯೇ. ರಾಣಿಖೇತ್ ಅನ್ನುತ್ತಾರಲ್ಲ, ಅದೇ. ಹಸಿರು ಭೇದಿ, ಏದುಸಿರು, ತಿರುಚಿಕೊಂಡ ಕತ್ತು. ಸಂತೆಯಲ್ಲಿ ಮಾರಾಟವಾಗದ ಕೋಳಿಯನ್ನು ವಾಪಸ್ ತಂದು ಗುಂಪಿಗೆ ಬಿಡುತ್ತೇವೆ. ನೋಡಲು ಚೆನ್ನಾಗೇ ಇರುತ್ತದೆ, ಆದರೆ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಎರಡು ವಾರವೂ ಹಿಡಿಯಬಹುದು. ಅಂಥದ್ದನ್ನು ಮೂರು ವಾರ ಬೇರೆ ಇಡಬೇಕು. ಫಾರಂನಲ್ಲಿ ಕೆಲಸ ಮಾಡುವವರ ಮನೆಯಲ್ಲಿ ನಾಟಿ ಕೋಳಿ ಇದ್ದರೂ ಅಪಾಯವೇ. ನಮ್ಮ ಮನೆ ಹಿತ್ತಿಲಲ್ಲೂ ನಾಲ್ಕಿವೆ. ಅದಕ್ಕೇ ಅವತ್ತು ಶೆಡ್ಡಿನ ಒಳಗೆ ಬನ್ನಿ ಅಂದರೂ ನಾನು ಹೋಗಲಿಲ್ಲ.

ಈ ಎರಡೂ ವೈರಸ್ಸುಗಳ ಮೈಮೇಲೆ ತೆಳ್ಳನೆ ಕೊಬ್ಬಿನ ಪದರ ಇದೆ. ಸೋಪಿನ ನೀರಿಗೆ ಅದು ಒಡೆದು ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಕೋಳಿಮರಿಗಳಿಗೆ ಬರುವ ಗುಂಬೊರೊ ಕಾಯಿಲೆಯ ವೈರಸ್ಸಿಗೆ ಆ ಪದರವೇ ಇಲ್ಲ, ಹಾಗಾಗಿ ಅದು ಗಟ್ಟಿ ಪಿಂಡ. ಖಾಲಿ ಶೆಡ್ಡಿನಲ್ಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಬ್ಯಾಚ್ ಹೋದ ಮೇಲೆ ಸುಮ್ನೆ ಖಾಲಿ ಬಿಟ್ಟರೆ ಸಾಲದು. ಹಳೇ ಹೊಟ್ಟನ್ನು ಪೂರ್ತಿ ಬಾಚಿ, ತೊಳೆದು, ಔಷಧಿ ಹೊಡೆದು, ಒಣಗಿಸಿ, ಆಮೇಲೆ ಎರಡು ವಾರ ಬಿಡಬೇಕು. ಲಸಿಕೆಯಂತೂ ಬೇಕೇ ಬೇಕು. ಕೊಳೆ ಶೆಡ್ಡಿನಲ್ಲಿ ಲಸಿಕೆಯೊಂದೇ ಎಷ್ಟು ಹೊತ್ತೀತು?

ನನಗೆ ನಿಜಕ್ಕೂ ಸಂಕಟವಾಗುವುದು ನಾಲೆ ನೋಡಿದಾಗ. ಸತ್ತ ಕೋಳಿಯನ್ನು ಚೀಲದಲ್ಲಿ ಕಟ್ಟಿ ನಾಲೆಗೆ ಎಸೆಯುತ್ತಾರೆ. ಕೆಳಗಿನ ಊರಿನವರು ಅದೇ ನೀರನ್ನು ತಮ್ಮ ಕೋಳಿಗೆ ಕುಡಿಸುತ್ತಾರೆ. ಆಳವಾದ ಗುಂಡಿ, ಮೇಲೆ ಸುಣ್ಣ, ನಾಯಿ ಕೆದಕದಷ್ಟು ಮಣ್ಣು. ಇಷ್ಟು ಮಾಡಲು ಅರ್ಧ ಗಂಟೆ ಸಾಕು. ಆದರೆ ಇದ್ದಕ್ಕಿದ್ದಂತೆ ಒಂದೇ ದಿನ ಹತ್ತಾರು ಕೋಳಿ ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಪರೀಕ್ಷೆಗೆ ಮಾದರಿ ಬೇಕಾಗುತ್ತದೆ. ಅವರು ಬಂದು ನೋಡುವವರೆಗೆ ಕೋಳಿ, ಮೊಟ್ಟೆ, ಗೊಬ್ಬರ, ಟ್ರೇ ಯಾವುದೂ ಗೇಟು ದಾಟಬಾರದು.