ಬೆನ್ನುಹುರಿ ಎಲುಬಲ್ಲ

ಮೊನ್ನೆ ಪಿ.ಬಿ. ರಸ್ತೆಯಲ್ಲಿ ಒಂದು ಆಟೊ ಹಿಂದೆ ಚೀಟಿ ಅಂಟಿಸಿದ್ದರು: 'ಬೆನ್ನುಹುರಿ ಸವೆತಕ್ಕೆ ಎಣ್ಣೆ'. ಅದಕ್ಕೂ ಮುಂಚೆ ಪೇಪರಿನಲ್ಲಿ 'ಬೆನ್ನುಹುರಿ ಮೂಳೆ ಮುರಿತ' ಅಂತ ಓದಿದ್ದೆ. ಪಕ್ಕದ ಮನೆಯವರು 'ಬೆನ್ನುಹುರಿ ಜಾರಿದೆಯಂತೆ' ಅಂದಾಗ ಸುಮ್ನಿರೋಕೆ ಆಗಲಿಲ್ಲ. ಸವೆಯೋದು, ಮುರಿಯೋದು ಬೆನ್ನೆಲುಬು. ಹುರಿಯಲ್ಲ.

ಹುರಿ ಅಂದರೇನು ಅಂತ ದಾವಣಗೆರೆಯವರಿಗೆ ಹೇಳಬೇಕಾ? ಹತ್ತಿ ಗಿರಣಿಗಳಿದ್ದ ಊರು. ಎಳೆಗಳನ್ನು ಸೇರಿಸಿ ಹೊಸೆದರೆ ಹುರಿ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲದ ಬಾಯಿಯನ್ನು ದಬ್ಬಣ ಹಿಡಿದು ಹೊಲಿಯುತ್ತಾರಲ್ಲ, ಆ ದಾರವೂ ಹುರಿಯೇ. ಹಳಗನ್ನಡದಲ್ಲಿ ಇದು ಪುರಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೇ ಪುರಿ ಹುರಿಯಾಯಿತು. ತಮಿಳರು ಇವತ್ತಿಗೂ ಪುರಿ ಅಂತಾರೆ. 'ಮೀಸೆ ಹುರಿ ಮಾಡಿದ' ಅನ್ನುವಾಗ ಇರೋದು ಇದೇ ಹೊಸೆಯುವ ಹುರಿ. ಮಂಡಕ್ಕಿ ಭಟ್ಟಿಯಲ್ಲಿ ಹುರಿಯೋದು ಬೇರೆ ಪದ, ಅದನ್ನು ಇಲ್ಲಿಗೆ ಎಳೆಯಬೇಡಿ.

ಬೆನ್ನುಹುರಿ ಅಂತ ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಹೊಸೆದಿಲ್ಲ ನಿಜ, ಆದರೆ ನರದ ಎಳೆಗಳ ಕಟ್ಟು ಅದು. ಕಿರುಬೆರಳಿನ ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ, ಮೆತ್ತಗೆ. ಅದನ್ನು ಕಾಯೋಕೆ ಸುತ್ತ ಇರುವ ಗಟ್ಟಿ ಕೊಳವೆ ಬೆನ್ನೆಲುಬು. 'ರೈತ ದೇಶದ ಬೆನ್ನೆಲುಬು' ಅಂತ ಭಾಷಣದಲ್ಲಿ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ತಮ್ಮ ಬೆನ್ನು ನೋಯುವಾಗ ಮಾತ್ರ ಅದು ಹುರಿಯಾಗಿಬಿಡುತ್ತೆ!

ಇನ್ನೊಂದು ವಿಷಯ ಗೊತ್ತಾ? ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಕೆಳಭಾಗದವರೆಗೆ ಬರೋದೇ ಇಲ್ಲ. ಬೆನ್ನೆಲುಬಿನ ಒಂದೊಂದು ಬಿಡಿ ಮೂಳೆಯೂ ಒಂದು ಮಣಿ, ಸೊಂಟಕ್ಕೆ ಅಂಥವು ಐದು. ಮೊದಲ ಅಥವಾ ಎರಡನೇ ಮಣಿಯ ಹತ್ತಿರವೇ ಹುರಿ ಮುಗಿಯುತ್ತೆ. ಅಲ್ಲಿಂದ ಕೆಳಗೆ ಬಿಡಿ ಬಿಡಿ ನರಗಳು. ಡಾಕ್ಟರುಗಳ ಲ್ಯಾಟಿನ್ ಹೆಸರಿನಲ್ಲಿ ಅದು 'ಕುದುರೆ ಬಾಲ'. ಚೀಲ ಎತ್ತುವ ಹಮಾಲರಿಗೂ, ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೂ ಡಿಸ್ಕ್ ತೊಂದರೆ ಜಾಸ್ತಿ ಆಗೋದು ಕೊನೆಯ ಎರಡು ಮಣಿಗಳ ಹತ್ತಿರ. ಅಲ್ಲಿ ಹುರಿಯೇ ಇಲ್ಲ!

ಡಿಸ್ಕ್ ಕೂಡ ಜಾರೋದಿಲ್ಲ. ಮಣಿಗಳ ನಡುವಿನ ಮೆತ್ತೆ ಅದು. ಸುತ್ತ ಗಟ್ಟಿ ನಾರು, ಒಳಗೆ ಲೋಳೆ. ನಾರು ಸೀಳಿದರೆ ಲೋಳೆ ಹೊರಗೆ ಉಬ್ಬಿ ನರವನ್ನು ಒತ್ತುತ್ತೆ. ಆಗ ಕೆಮ್ಮಿದರೂ ಸೀನಿದರೂ ಸೊಂಟದಿಂದ ಕಾಲಿನವರೆಗೆ ಚಳುಕು. ಕೆಲವರಿಗೆ ಕಾಲಿನ ಹೆಬ್ಬೆರಳು ಮೇಲೆ ಎತ್ತೋಕೆ ಬರಲ್ಲ, ಕೆಲವರಿಗೆ ತುದಿಗಾಲಲ್ಲಿ ನಿಲ್ಲೋಕೆ ಬರಲ್ಲ. ಯಾವ ನರ ಅನ್ನೋದನ್ನು ಡಾಕ್ಟರು ಇದರಿಂದಲೇ ಅಂದಾಜು ಮಾಡುತ್ತಾರೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಮಾತ್ರ ಕಾಯಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಹುರಿಗೇ ಪೆಟ್ಟು ಬಿದ್ದರೆ ಕಥೆ ಬೇರೆ. ಕುತ್ತಿಗೆಯಲ್ಲಿ ಹುರಿ ಒತ್ತಿಕೊಂಡವರಿಗೆ ಎಷ್ಟೋ ಸಲ ನೋವೇ ಇರಲ್ಲ. ಅಂಗಿ ಗುಂಡಿ ಹಾಕೋಕೆ ಬೆರಳು ತಡವರಿಸುತ್ತೆ, ನಡಿಗೆ ತೂರಾಡುತ್ತೆ. ವಯಸ್ಸಾಯ್ತು ಅಂತ ಸುಮ್ಮನಾಗುತ್ತಾರೆ. ನೋವಿದ್ದವರು ಹುರಿ ಹುರಿ ಅಂತಾರೆ, ನಿಜವಾಗಿ ಹುರಿ ಕೆಟ್ಟವರು ಅದರ ಹೆಸರೇ ಎತ್ತಲ್ಲ.

ನಮ್ಮ ದೊಡ್ಡಪ್ಪನಿಗೆ ಸೊಂಟದ ಹತ್ತಿರ ಬೆನ್ನೆಲುಬಿನ ಕೊಳವೆ ಕಿರಿದಾಗಿದೆ. ಮಂಡಿಪೇಟೆಯಲ್ಲಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದು, ಯಾವುದಾದರೂ ಕಟ್ಟೆ ಹುಡುಕಿ ಕೂರುತ್ತಾರೆ. ಸೈಕಲ್ಲಾದರೆ ಏನೂ ತೊಂದರೆಯಿಲ್ಲ. ಹ್ಯಾಂಡಲ್ ಮೇಲೆ ಬಗ್ಗಿದಾಗ ಕೊಳವೆ ಸ್ವಲ್ಪ ಅಗಲವಾಗಿ ನರಗಳಿಗೆ ಜಾಗ ಸಿಗುತ್ತೆ. ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೇನಪ್ಪಾ ಹೇಳ್ದೆ, ಬೆನ್ನುಹುರಿ ಸವದೈತಿ ಅಂತ ತಾನೆ?" ಅಂದವರೇ ಸೈಕಲ್ ಹತ್ತಿದರು.