ಅನುಭವ ಹೇಳಿಸಿಕೊಳ್ಳುವುದು ಬೆಂಬಲವಲ್ಲ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಿಗೆ ಸಿಬ್ಬಂದಿ ವಿಷಯದಲ್ಲಿ ಸಲಹೆ ಕೊಡುವ ನನಗೆ ಒಂದು ದೃಶ್ಯ ಸಾಕುಸಾಕಾಗಿದೆ. ವರ್ಣತಾರತಮ್ಯ ನಿವಾರಣೆಯ ಯೋಜನೆ ಪ್ರಕಟವಾದ ವಾರದಲ್ಲೇ ಆಡಳಿತದವರು ಕಪ್ಪು ವರ್ಣೀಯ ದಾದಿಯರನ್ನು ಕೂರಿಸಿಕೊಂಡು, ‘ನಿಮಗಾದದ್ದನ್ನು ಹೇಳಿ’ ಎನ್ನುತ್ತಾರೆ.

ಒಂದು ಆಸ್ಪತ್ರೆಯಲ್ಲಿ ಘಾನಾ ಮೂಲದ ದಾದಿಯೊಬ್ಬರು ರಾತ್ರಿಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಅಂಥ ಸಭೆಗೆ ಬಂದರು. ಅವರ ಮಾತು ಕೇಳಿ ಮ್ಯಾನೇಜರ್ ಅತ್ತುಬಿಟ್ಟರು. ಸಮಾಧಾನ ಹೇಳುವ ಕೆಲಸವೂ ಈಕೆಯ ಪಾಲಿಗೇ ಬಂತು. ಹೊರಗೆ ಬಂದಾಗ ನನ್ನನ್ನು ಕೇಳಿದರು: ‘ಇದನ್ನೇ ನಾನು ಹೇಳುತ್ತಿರುವುದು ಮೂರನೆಯ ಸಲ. ಹಿಂದಿನ ಎರಡು ಸಲ ಯಾರಾದರೂ ಬರೆದುಕೊಂಡಿದ್ದರೇ?’

ಹೊಸದಾಗಿ ತಿಳಿಯಬೇಕಾದದ್ದಾದರೂ ಏನು? ಎನ್‌ಎಚ್‌ಎಸ್ ಸಿಬ್ಬಂದಿಗಾಗಿ ಜನಾಂಗೀಯ ಸಮಾನತೆಯ ಮಾನದಂಡ 2015ರಲ್ಲಿ ಜಾರಿಗೆ ಬಂದಂದಿನಿಂದ, ಬಿಳಿಯರಿಗೆ ಹೋಲಿಸಿದರೆ ಇತರರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನರ ಮೇಲೆ ಶಿಸ್ತುಕ್ರಮ ನಡೆಯಿತು ಎಂಬುದನ್ನೂ ಸೇರಿಸಿ 9 ಸೂಚಕಗಳ ಲೆಕ್ಕ ಆಸ್ಪತ್ರೆಗಳ ಕೈಯಲ್ಲೇ ಇದೆ. ಲೆಕ್ಕ ಇಟ್ಟವರು ಉತ್ತರ ಕೊಡಬೇಕೇ ಹೊರತು, ನೊಂದವರು ಮತ್ತೆ ಸಾಕ್ಷಿ ನುಡಿಯಬೇಕಾಗಿಲ್ಲ.

ಆದ್ದರಿಂದ ನೂರನೆಯ ಸಲ ಹೇಳುತ್ತೇನೆ: ಬೆಂಬಲವೆಂದರೆ ಮೊದಲು ರೋಸ್ಟರಿನಲ್ಲಿ ಸಮಯ. ಸಭೆಯ ಎರಡು ಗಂಟೆ ಸಂಬಳದ ಗಂಟೆಯಾಗಿರಬೇಕು, ಆ ಹೊತ್ತಿಗೆ ವಾರ್ಡಿನಲ್ಲಿ ಬದಲಿ ದಾದಿ ಇರಬೇಕು. ಇಲ್ಲವಾದರೆ ಸಭೆಗೆ ಹೋದ ದಾದಿಯ ರೋಗಿಗಳನ್ನು ನೋಡಿಕೊಂಡ ಸಹೋದ್ಯೋಗಿಯ ಮುನಿಸನ್ನೂ ಆ ದಾದಿಯೇ ಹೊರಬೇಕಾಗುತ್ತದೆ. ಹೇಳಿದ ಮಾತಿಗೆ ಇಂಥ ತಾರೀಕಿನೊಳಗೆ ಇಂಥವರು ಲಿಖಿತ ಉತ್ತರ ಕೊಡುತ್ತಾರೆ ಎಂಬುದು ಸಭೆ ಏಳುವ ಮುನ್ನವೇ ನಿಶ್ಚಯವಾಗಬೇಕು. ದೂರಿಗೆ ಗುರಿಯಾದ ಮೇಲಧಿಕಾರಿಯೇ ಮುಂದೆ ದೂರಿದವರ ವಾರ್ಷಿಕ ಮೌಲ್ಯಮಾಪನ ಮಾಡಬಾರದು. ತಾರತಮ್ಯದ ದೂರು ಕೊಟ್ಟರೆಂಬ ಕಾರಣಕ್ಕೆ ಕಿರುಕುಳ ಕೊಡುವುದನ್ನು 2010ರ ಸಮಾನತಾ ಕಾಯ್ದೆ ನಿಷೇಧಿಸುತ್ತದೆ. ಆದರೂ ಒಬ್ಬೊಬ್ಬರ ಪ್ರಕರಣ ಒಂದೊಂದು ಬಗೆ, ಹಾಗಾಗಿ ಯೂನಿಯನ್ ಪ್ರತಿನಿಧಿಯನ್ನು ಕಾಣದೆ ಹೆಜ್ಜೆ ಇಡಬೇಡಿ ಎಂದೇ ನನ್ನ ಸಲಹೆ.

ಇಲ್ಲಿರುವ ನಮ್ಮ ಕನ್ನಡದ ವೈದ್ಯರಿಗೂ ಒಂದು ಮಾತು, ಪ್ರೀತಿಯಿಂದಲೇ. ‘ನಮಗೆ ಅಂಥದ್ದೇನೂ ಆಗಿಲ್ಲ’ ಎಂದು ನೀವು ಸಭೆಯಲ್ಲಿ ಹೇಳಿದರೆ ಆಡಳಿತಕ್ಕೆ ಅದೇ ಗುರಾಣಿ. ಬಿಳಿಯರಲ್ಲದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಎಣಿಸಿದಾಗ, ಭಾರತೀಯ ವೈದ್ಯರ ಸಂಖ್ಯೆಯ ಮರೆಯಲ್ಲಿ ದಾದಿಯರ ಆರಂಭದ ವೇತನ ಶ್ರೇಣಿಯಾದ ಬ್ಯಾಂಡ್ 5ರಲ್ಲೇ ವರ್ಷಗಟ್ಟಲೆ ಉಳಿದ ಕಪ್ಪು ದಾದಿ ಕಾಣದೇ ಹೋಗುವ ಸಾಧ್ಯತೆ ಇದೆ.

ಆ ಘಾನಾದ ದಾದಿಗೆ ಕೊನೆಗೂ ಪಾಳಿಯೊಳಗೇ ಎರಡು ಗಂಟೆ ಸಿಕ್ಕಿತು. ಮುಂದಿನ ಸಭೆಯಲ್ಲಿ ಅವರು ತಮ್ಮ ಕಥೆ ಹೇಳಲಿಲ್ಲ. ಬ್ಯಾಂಡ್ 5ರಿಂದ 6ಕ್ಕೆ ಬಡ್ತಿ ಪಡೆದವರ ಪಟ್ಟಿ ಕೇಳಿದರು. ಆ ದಿನ ಯಾರೂ ಅಳಲಿಲ್ಲ.